ಚಿತ್ರ ಮೂರರ ಅಂಚು

"ಇನ್ನೇನ್ ತಪ್ಪು ಉಳಿದಿದೆ ನನ್ನ ಪೇಪರಲ್ಲಿ? ಹೇಳಮ್ಮ, ಹೇಳಿಬಿಡು. ಇವತ್ತು ಕೇಳ್ಕೊಂಡೇ ಹೋಗ್ತೀನಿ!"

ಪ್ರೊಫೆಸರ್ ಬಾಗಿಲು ತಳ್ಳಿದ ರಭಸಕ್ಕೆ ಗೋಡೆ ಮೇಲಿದ್ದ ಸಮ್ಮೇಳನದ ಪೋಸ್ಟರ್ ಒಂದು ಮೂಲೆ ಕಿತ್ಕೊಂಡು ನೇತಾಡ್ತು. ಪೋಸ್ಟರಲ್ಲಿ ಇದ್ದಿದ್ದೂ ಅವರದ್ದೇ ಮುಖ. ಅರ್ಧ ಮಡಚ್ಕೊಂಡು, ಒಂದೇ ಕಣ್ಣಲ್ಲಿ ನಗ್ತಾ ಇತ್ತು.

ಚೂಟಿ ಎದ್ದು ಕುರ್ಚಿ ಎಳೆದು ಕೊಟ್ಲು. "ಕೂತ್ಕೊಳಿ ಸರ್. ಪಾಪ, ಬೆವ್ತು ಹೋಗಿದ್ದೀರ. ನೀರು ಕೊಡ್ಲಾ?"

"ನೀರು ಬೇಡ! ಮೊದಲು ಮಾರ್ಜಿನ್ ಸರಿ ಇಲ್ಲ ಅಂತ ವಾಪಸ್ ಕಳಿಸಿದೆ. ಆಮೇಲೆ ಚಿತ್ರದ ಕೆಳಗಿರಬೇಕಾದ ಸಾಲು ಮೇಲಿದೆ ಅಂದೆ. ಆಮೇಲೆ ಕೊನೇ ಪುಟದಲ್ಲಿ ಚುಕ್ಕಿ ಜಾಸ್ತಿ, ಕಾಮಾ ಕಮ್ಮಿ! ನಾಳೆ ವೇದಿಕೆ ಮೇಲೆ ಮೊದಲ ಭಾಷಣ ನಂದು ಕಣಮ್ಮ. ನಾನು ಕಾಮಾ ಎಣಿಸ್ಕೊಂಡು ಕೂರೋನಲ್ಲ."

"ಅಯ್ಯೋ, ನೀವ್ಯಾಕೆ ಎಣಿಸ್ತೀರ ಸರ್? ಅದಕ್ಕೆ ಅಂತಾನೇ ನನ್ನ ಇಟ್ಕೊಂಡಿರೋದು."

ಮೂಲೇಲಿ ಬಿಸ್ಕತ್ ಅದ್ದಿ ಟೀ ಕುಡೀತಿದ್ದ ದಪ್ಪ ಮನುಷ್ಯ ಕೆಮ್ಮಿದ. ಕೆಮ್ಮಲ್ಲ ಅದು, ನಗು. ಅಚ್ಚಿನ ಮನೆಯಿಂದ ಫೈಲ್ ತಗೊಂಡು ಹೋಗೋಕೆ ಬಂದೋನು ಅಂತ ಚೂಟಿ ಎಲ್ಲರಿಗೂ ಹೇಳಿದ್ಲು. ಅಸಲಿಗೆ ಅವರು ಅವಳ ಚಿಕ್ಕಪ್ಪ. ನಿವೃತ್ತ ಪತ್ತೇದಾರ. ಮೊಣಕಾಲು ನಿವೃತ್ತಿ ಆಗಿತ್ತು, ಮೂಗು ಆಗಿರ್ಲಿಲ್ಲ.

ಹೊಸದಾಗಿ ಓದೋಕೆ ಕೂತಿರೋರಿಗೆ ಒಂದೇ ಸಾಲು: ಬಿರುಕು ಬಿಟ್ರೆ ತಾನೇ ಮುಚ್ಕೊಳ್ಳೋ ಕಾಂಕ್ರೀಟನ್ನ ಚೂಟಿಯ ಅಕ್ಕ ಕಂಡುಹಿಡಿದ ದಿನವೇ ಲ್ಯಾಬಿಗೆ ಬೆಂಕಿ ಬಿತ್ತು, ಅಕ್ಕನ ಎರಡೂ ಕೈ ಸುಟ್ಟು ಹೋಯ್ತು, ಓವನ್ ಆರಿಸದೆ ಬಿಟ್ಟಿದ್ದು ಅವಳೇ ಅಂತ ಹೇಳಿ ಅವಳನ್ನ ಹೊರಗೂ ಹಾಕಿದ್ರು, ಈಗ ಅದೇ ಕಾಂಕ್ರೀಟ್ ಅವಳ ಗೈಡ್ ಆಗಿದ್ದ ಈ ಪ್ರೊಫೆಸರ್ ಹೆಸರಲ್ಲಿ ಪೇಪರ್ ಆಗಿ ಅಚ್ಚಿಗೆ ನಿಂತಿದೆ.

ಅವತ್ತಿಂದ ಅಕ್ಕ ಒಂದು ಮಾತೂ ಆಡಿಲ್ಲ. ಗಂಟಲಿಗೆ ಏನೂ ಆಗಿಲ್ಲ, ಮಾತು ಒಳಗೇ ಎಲ್ಲೋ ಬೀಗ ಹಾಕ್ಕೊಂಡಿದೆ ಅಂದಿದ್ರು ಡಾಕ್ಟ್ರು.

ಆ ಬೀಗದ ಕೈ ಹುಡುಕೋಕೇ ಚೂಟಿ ಈ ಕೆಲಸಕ್ಕೆ ಸೇರಿದ್ದು. ಸಮ್ಮೇಳನದಲ್ಲಿ ಓದೋ ಪೇಪರ್‌ಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡ್ತಾರಲ್ಲ, ಅದಕ್ಕೆ ಪುಟ ಕಟ್ಟೋ ಕೆಲಸ. ಎಲ್ಲರ ಪೇಪರೂ ಒಂದೇ ಅಳತೆಯ ಅಂಗಿ ಹಾಕ್ಕೊಂಡು ಸಾಲಾಗಿ ನಿಲ್ಲಬೇಕು. ಯಾರ ಕಾಲರ್ ಮೇಲೆದ್ದಿದ್ರೂ ವಾಪಸ್ ಕಳಿಸೋ ಅಧಿಕಾರ ಚೂಟಿ ಕೈಲಿ.

ಆ ಅಧಿಕಾರಾನ ಅವಳು ಹೇಗೆ ಬಳಸಿದ್ಲು ಅಂತೀರ! ಬೇರೆಯವರ ಮಾರ್ಜಿನ್ ಅಂಗೈ ಅಗಲ ತಪ್ಪಿದ್ರೂ ಸುಮ್ಮನೆ ತಾನೇ ಸರಿ ಮಾಡ್ಕೊಂಡ್ಲು. ಪ್ರೊಫೆಸರ್ ಪೇಪರ್ ಕೂದಲೆಳೆ ಜರುಗಿದ್ರೂ ವಾಪಸ್. ಒಂದೊಂದು ಸಲ ವಾಪಸ್ ಕಳಿಸಿದಾಗಲೂ ಅವಳ ಹೊಟ್ಟೆ ಒಳಗಿನ ಉರಿಗೆ ಒಂದು ಲೋಟ ತಣ್ಣೀರು ಹೊಯ್ದ ಹಾಗಾಗ್ತಿತ್ತು.

ಆದ್ರೆ ಬರೀ ಉರಿ ಆರಿಸ್ಕೊಳ್ಳೋಕೆ ಅವಳು ಇಷ್ಟೆಲ್ಲ ಮಾಡ್ಲಿಲ್ಲ. ಬಲೆ ಬೇರೇನೇ ಇತ್ತು.

ಪ್ರೊಫೆಸರ್ ಪೇಪರನ್ನ ಪಿಡಿಎಫ್ ಮಾಡೇ ಕಳಿಸ್ತಿದ್ರು. ಬರೆದ ಮೂಲ ಫೈಲ್ ಕೊಡಿ ಅಂದ್ರೆ ಹಾವು ಮೆಟ್ಟಿದ ಹಾಗೆ ಹಾರ್ತಿದ್ರು. ಯಾಕೆ? ಪಿಡಿಎಫ್ ಅಂದ್ರೆ ಬೇಯಿಸಿ ಬಡಿಸಿದ ಅಡುಗೆ. ಮೂಲ ಫೈಲ್ ಅಂದ್ರೆ ಅಡುಗೆಮನೆಗೇ ಬಿಟ್ಟುಕೊಂಡ ಹಾಗೆ. ಒಳಗೆ ಏನೇನಿದೆಯೋ ಎಲ್ಲಾ ಕಾಣುತ್ತೆ.

ಇವತ್ತು ಬೆಳಿಗ್ಗೆ ಅವರ ತಾಳ್ಮೆ ಕಿತ್ತು ಹೋಯ್ತು. 'ತಗೋ, ಇದೇ ಮೂಲ ಫೈಲ್, ನಿಂಗೆ ಹೇಗೆ ಬೇಕೋ ಹಾಗೆ ಮಾಡ್ಕೊಂಡು ಸಾಯಿ' ಅಂತ ಎಸೆದೇ ಬಿಟ್ರು. ಬೆಕ್ಕು ಕಣ್ಮುಚ್ಕೊಂಡು ಹಾಲು ಕುಡಿಯುತ್ತಂತೆ. ಈ ಬೆಕ್ಕು ಕಣ್ಮುಚ್ಕೊಂಡು ಪಾತ್ರೆನೇ ಕೈಗೆ ಕೊಟ್ಟಿತ್ತು.

ಚೂಟಿ ನೇರ ಚಿತ್ರ ಮೂರಕ್ಕೆ ಹೋದ್ಲು. ಕಾಂಕ್ರೀಟ್ ತುಂಡು, ಅದರ ಮೇಲೊಂದು ಬಿರುಕು, ಬಿರುಕಿನ ತುಂಬ ಬೆಳ್ಳಗೆ ತುಂಬ್ಕೊಂಡಿರೋ ಗಾಯದ ಕಲೆ ಥರದ ಗೆರೆ. ಇಡೀ ಪೇಪರಿನ ಪ್ರಾಣ ಆ ಫೋಟೋದಲ್ಲೇ ಇತ್ತು. ಫೋಟೋದ ಎಡ ಅಂಚು ಹಿಡಿದು ಹೊರಗೆ ಎಳೆದ್ಲು.

ಎಳೆದ ಹಾಗೆ ಮರೆಯಾಗಿದ್ದ ಭಾಗ ಪರದೆ ಸರಿದ ಹಾಗೆ ಬಿಚ್ಕೊಂಡು ಬಂತು.

ಕಂಡಿದ್ದನ್ನ ನೋಡಿ ಚೂಟಿ ಕುರ್ಚಿ ಸಮೇತ ಒಂದು ಸುತ್ತು ತಿರುಗಿದ್ಲು. ಪರದೆಯ ಆ ಮೂಲೇನ ಫೋನಲ್ಲಿ ಫೋಟೋ ಹೊಡೆದು ಭಾವನಿಗೆ ಕಳಿಸಿದ್ಲು. ಫೋಟೋ ಎಡ ಅಂಚು ಎಳೆದೆ, ಕಳ್ಳ ಸಿಕ್ಕಿಬಿದ್ದ, ಅಕ್ಕನಿಗೂ ತೋರಿಸು, ಅವಳನ್ನ ಕರ್ಕೊಂಡು ಮಧ್ಯಾಹ್ನ ಆಫೀಸಿಗೆ ಬಾ, ಅವಳ ಕಣ್ಣೆದುರಿಗೇ ಇವನ ಮುಖವಾಡ ಕೀಳ್ತೀನಿ ಅಂತ ಬರೆದ್ಲು.

ಭಾವ ಅಂದ್ರೆ ಅಕ್ಕನ ಗಂಡ. ಮನೇಲಿ ಎಲ್ಲರಿಗೂ ಕೊಕ್ಕೆ ಭಾವ. ಸ್ಕೂಲಲ್ಲಿ ಚೆಂಡು ಬಡಿದು ಬಲಗೈ ಕಿರುಬೆರಳು ಕೊಕ್ಕೆ ಥರ ಬಾಗಿದ್ದು ಮತ್ತೆ ನೆಟ್ಟಗೇ ಆಗಿರ್ಲಿಲ್ಲ. ಅಕ್ಕನ ಔಷಧಿ ಚೀಲಾನ ಅದೇ ಬೆರಳಿಗೆ ನೇತು ಹಾಕ್ಕೊಂಡು ಓಡಾಡ್ತಿದ್ದ. ಬೆಂಕಿ ಬಿದ್ದ ದಿನ ಬೇರೆ ಊರಲ್ಲಿದ್ದನಂತೆ. ಸಂಜೆ ಬಸ್ಸಲ್ಲಿ ಬಂದು ಆಸ್ಪತ್ರೆ ಗೋಡೆಗೆ ತಲೆ ಚಚ್ಕೊಂಡು ಅತ್ತಿದ್ದ. ಅವತ್ತಿಂದ ಅಕ್ಕನಿಗೆ ತುತ್ತು ಇಡೋನೂ ಅವನೇ, ತಲೆ ಬಾಚೋನೂ ಅವನೇ. 'ನಿನ್ನ ಭಾವನಂಥ ಗಂಡ ಸಿಗ್ಬೇಕು ಕಣೇ' ಅಂತ ಚೂಟಿ ಗೆಳತಿಯರು ಹೊಟ್ಟೆಕಿಚ್ಚು ಪಡ್ತಿದ್ರು.

ತಕ್ಷಣ ಉತ್ತರ ಬಂದಿತ್ತು. 'ಶಭಾಷ್ ಮರಿ! ಪೂರ್ತಿ ಫೋಟೋ ಸಿಕ್ತಾ?'

'ಬೇಕಾದಷ್ಟು ಸಿಕ್ತು' ಅಂತ ಬರೆದು, ಕುಣೀತಾ ಇರೋ ಗೊಂಬೆ ಒಂದನ್ನ ಕಳಿಸಿದ್ಲು.

ಈಗ ಆ ಕುಣಿತವನ್ನೆಲ್ಲ ಗಂಟಲಲ್ಲೇ ನುಂಗ್ಕೊಂಡು, ಪ್ರೊಫೆಸರ್ ಮುಂದೆ ಬಡ ಹುಡುಗಿ ಮುಖ ಹಾಕ್ಕೊಂಡು ಕೂತಿದ್ಲು.

"ಒಂದೇ ಒಂದು ಉಳಿದಿದೆ ಸರ್. ಚಿತ್ರ ಮೂರರ ಕೆಳಗೆ ಬರೀ 'ಮುಚ್ಚಿಕೊಂಡ ಬಿರುಕು' ಅಂತಿದೆ. ಫೋಟೋ ಯಾವಾಗ ತೆಗೆದಿದ್ದು, ಎಲ್ಲಿ ತೆಗೆದಿದ್ದು ಅಂತ ಇರಬೇಕು. ನೀವು ಹೇಳಿ, ನಾನು ಟೈಪ್ ಮಾಡ್ತೀನಿ."

"ಅಷ್ಟೇನಾ? ಬರ್ಕೋ. ಈ ವರ್ಷ, ಹೊಸ ಲ್ಯಾಬಿನಲ್ಲಿ."

ಟಕಟಕ ಟಕಟಕ. "ಈ ವರ್ಷ... ಹೊಸ ಲ್ಯಾಬಿನಲ್ಲಿ... ತುಂಡು ಯಾರು ಎರಕ ಹೊಯ್ದಿದ್ದು ಸರ್?"

"ನಾನೇ."

"ನೀವೇ ಸ್ವತಃ? ಸಿಮೆಂಟಿಗೆ ಕೈ ಹಾಕಿ?"

"ಯಾಕೆ, ನಂಗೆ ಕೈ ಇಲ್ವಾ?"

ಚೂಟಿ ಬೆರಳು ಕೀಬೋರ್ಡ್ ಮೇಲೆ ಒಂದು ಕ್ಷಣ ನಿಂತು ಹೋಯ್ತು. ಅಕ್ಕನ ಕೈ ನೆನಪಾಯ್ತು. ಲೋಟ ಹಿಡಿಯೋಕೂ ಆಗದ, ಕರಗಿದ ಮೇಣದ ಥರ ಇರೋ ಆ ಕೈ. ಹಲ್ಲು ಕಚ್ಚಿ ಟೈಪ್ ಮಾಡಿದ್ಲು.

"ಇದೆ ಸರ್. ನಿಮಗೆ ಇದೆ. ಫೋಟೋ?"

"ನಾನೇ ತೆಗೆದಿದ್ದು. ಮುಗೀತಾ? ಆ ಪ್ರೆಸ್ಸಿನೋರಿಗೆ ಫೈಲ್ ಕೊಟ್ಟು ಕಳಿಸು, ಪಾಪ ಕಾಯ್ತಿದ್ದಾರೆ."

"ನಂದೇನೂ ಅವಸರ ಇಲ್ಲ ಸ್ವಾಮಿ," ಅಂದ್ರು ಚಿಕ್ಕಪ್ಪ. "ಬಿಸ್ಕತ್ ಇನ್ನೂ ಇದೆ. ತಾವು ಹೇಳಿದ್ದನ್ನ ಕೇಳಿಸ್ಕೊಂಡೆ. ಈ ವರ್ಷ, ಹೊಸ ಲ್ಯಾಬು, ತಾವೇ ಹೊಯ್ದಿದ್ದು, ತಾವೇ ತೆಗೆದಿದ್ದು. ಸರಿನಾ?"

"ನಿಂಗ್ಯಾಕಯ್ಯ ಅದೆಲ್ಲ?"

"ಅಚ್ಚು ಹಾಕೋರು ನಾವು. ತಪ್ಪು ಅಚ್ಚಾದ್ರೆ ಕೆಟ್ಟ ಹೆಸರು ನಮಗಲ್ವಾ?"

ಚೂಟಿ ಮಾನಿಟರನ್ನ ಪ್ರೊಫೆಸರ್ ಕಡೆ ತಿರುಗಿಸಿದ್ಲು. "ಒಂದ್ಸಲ ನೋಡಿ ಹೇಳಿಬಿಡಿ ಸರ್. ಫೋಟೋ ಸ್ವಲ್ಪ ಚಿಕ್ಕದಾಯ್ತು ಅನ್ಸುತ್ತೆ. ದೊಡ್ಡದು ಮಾಡ್ಲಾ?"

ಎಡ ಅಂಚು ಹಿಡಿದು ಎಳೆದ್ಲು. ನಿಧಾನಕ್ಕೆ. ಬಾಳೆಹಣ್ಣು ಸುಲಿಯೋ ಹಾಗೆ.

ಪ್ರೊಫೆಸರ್ ಬಾಯಿ ತೆರೆದಿದ್ದು ಹಾಗೇ ಉಳೀತು.

ತುಂಡಿನ ಮೂಲೇಲಿ, ಹಸಿ ಇದ್ದಾಗ ಯಾರೋ ಒತ್ತಿದ ಗುರುತು. ಸಾಲಾಗಿ ಪುಟ್ಟ ಪುಟ್ಟ ಗುಳಿಗಳು. ನಡುವೆ ಒಂದು ಗುಳಿ ಇಲ್ಲ.

"ಇದೇನಿದು ಸರ್? ಇಲಿ ಕಚ್ಚಿರೋ ಹಾಗಿದೆಯಲ್ಲ?"

"ಅ... ಅದು... ಎರಕದ ಪೆಟ್ಟಿಗೇದು ಏನೋ..."

ಚೂಟಿ ತಲೆಗೆ ಕೈ ಹಾಕಿ ಕ್ಲಿಪ್ ತೆಗೆದ್ಲು. ಕೂದಲು ಮುಖದ ಮೇಲೆ ಬಿತ್ತು, ಸರಿಸ್ಕೊಳ್ಳಲಿಲ್ಲ. ಹಳೇ ನೀಲಿ ಪ್ಲಾಸ್ಟಿಕ್ ಕ್ಲಿಪ್. ಒಂದು ತುದಿ ಬೆಂಕಿಗೆ ಕರಗಿ ಸೊಟ್ಟಗಾಗಿತ್ತು. ನಡುವೆ ಒಂದು ಹಲ್ಲು ಮುರಿದಿತ್ತು. ಅದನ್ನ ಪರದೆ ಮೇಲೆ, ಗುಳಿಗಳ ಪಕ್ಕಕ್ಕೆ ಹಿಡಿದ್ಲು.

ಹಲ್ಲಿಗೊಂದು ಗುಳಿ. ಹಲ್ಲಿಲ್ಲದ ಕಡೆ ಗುಳಿ ಇಲ್ಲ.

"ಕಾಂಕ್ರೀಟ್ ಎರಕ ಹೊಯ್ದ ಮೇಲೆ ಗಟ್ಟಿ ಆಗೋಕೆ ನೀರಿನ ತೊಟ್ಟಿಗೆ ಹಾಕ್ತಾರೆ, ಅಲ್ವಾ ಸರ್? ಮೇಲೆ ಬರೆದ ನಂಬರ್ ನೀರಲ್ಲಿ ಅಳಿಸಿಹೋಗುತ್ತೆ. ಯಾರ ತುಂಡು ಯಾರದ್ದು ಅಂತ ದಿನಾ ಜಗಳ. ಅದಕ್ಕೆ ಒಬ್ಬಳು ಮಾತ್ರ ಹಸಿ ಇದ್ದಾಗಲೇ ತನ್ನ ತಲೆ ಕ್ಲಿಪ್ ಒತ್ತಿ ಇಡ್ತಿದ್ಲು. ಅವಳ ತಂಗಿ ಕಚ್ಚಿ ಒಂದು ಹಲ್ಲು ಮುರಿದಿದ್ದ ಕ್ಲಿಪ್ಪು. ಬೆಂಕಿಯಿಂದ ಅವಳನ್ನ ಎಳೆದು ತಂದಾಗ ಇದು ಅವಳ ಕೂದಲಲ್ಲೇ ಇತ್ತು."

"ನೀನು... ನೀನು ಯಾರು?"

"ಕಚ್ಚಿದೋಳು."

ಮೂಲೇಲಿ ಚಿಕ್ಕಪ್ಪ ಬಿಸ್ಕತ್ ಕೆಳಗಿಟ್ಟು ಬಾಗಿಲ ಹತ್ರ ಹೋಗಿ ನಿಂತ್ರು. ಆ ಮೈ ಬಾಗಿಲಿಗೆ ಅಡ್ಡ ನಿಂತ್ರೆ ಗಾಳಿಗೂ ದಾರಿ ಇಲ್ಲ.

ಪ್ರೊಫೆಸರ್ ಪರದೇನ ಬೆರಳಲ್ಲಿ ತಿಕ್ಕಿದ್ರು. ತಿಕ್ಕಿದ್ರೆ ಹೋಗುತ್ತೇನೋ ಅನ್ನೋ ಹಾಗೆ. "ನಾನು ಅಳಿಸಿದ್ದೆ ಅದನ್ನ! ಅಂಚೆಲ್ಲ ಕತ್ತರಿಸಿ ಹಾಕಿದ್ದೆ!"

"ಕುಂಬಳಕಾಯಿ ಕಳ್ಳ ಹೆಗಲು ಮುಟ್ಕೊಂಡ," ಅಂದ್ರು ಚಿಕ್ಕಪ್ಪ.

"ನೀವು ಕತ್ತರಿಸಿಲ್ಲ ಸರ್. ಮುಚ್ಚಿದ್ರಿ, ಅಷ್ಟೇ. ಈ ಸಾಫ್ಟ್‌ವೇರಲ್ಲಿ ಫೋಟೋ ಅಂಚು ಒಳಗೆ ತಳ್ಳಿದ್ರೆ ಅದು ಎಲ್ಲೂ ಹೋಗಲ್ಲ. ಸೆರಗಿನ ಕೆಳಗೆ ಅಡಗಿದ ಮಗು ಥರ ಅಲ್ಲೇ ಇರುತ್ತೆ. ಯಾರಾದ್ರೂ ಎಳೆಯೋವರೆಗೆ."

ಪ್ರೊಫೆಸರ್ ಕುರ್ಚಿ ಮೇಲೆ ಕುಸಿದ್ರು. ಈಗ ನೀರು ಕೇಳಿದ್ರು. ಚೂಟಿ ಕ್ಲಿಪ್ಪನ್ನ ಮೇಜಿನ ಮೇಲಿಟ್ಟು, ಲೋಟ ತುಂಬಿ ಅವರ ಕೈಗೆ ಎಟುಕದ ಹಾಗೆ ಮೇಜಿನ ಆ ತುದಿಗೆ ಇಟ್ಲು. ಸಣ್ಣತನ ಅಂತೀರಾ? ಅನ್ನಿ. ಅವಳಿಗೆ ಅದು ಅಮೃತ.

"ನೋಡಮ್ಮ... ಅವಳ ಹೆಸರೂ ಸೇರಿಸ್ತೀನಿ. ಕೆಳಗೆ, ಧನ್ಯವಾದ ಹೇಳೋ ಜಾಗದಲ್ಲಿ..."

"ಧನ್ಯವಾದನಾ!" ಚೂಟಿ ನಕ್ಕ ನಗು ಅವಳಿಗೇ ಹೊಸದು. "ಬೇಡ ಸರ್. ಪೇಪರ್ ಹೀಗೇ ಹೋಗ್ಲಿ. ನಿಮ್ಮ ಹೆಸರಲ್ಲೇ. ಈ ವರ್ಷ, ಹೊಸ ಲ್ಯಾಬು, ನಾನೇ ನಾನೇ ಅಂತ ನೀವೇ ಹೇಳಿ ಬರೆಸಿದ ಸಾಲಿನ ಸಮೇತ. ನಾಳೆ ನೀವು ವೇದಿಕೆ ಹತ್ತಿ, ಸಭೆಯಲ್ಲಿ ಎಲ್ಲರೂ ಚಪ್ಪಾಳೆ ಹೊಡೀಲಿ. ಆಮೇಲೆ ನಿಮ್ಮ ಹಿಂದೆ ಪರದೆ ಮೇಲೆ ಚಿತ್ರ ಮೂರು ಬರುತ್ತಲ್ಲ, ಅದು ಪೂರ್ತಿ ಬರುತ್ತೆ. ಪಕ್ಕದಲ್ಲಿ ಈ ಕ್ಲಿಪ್ಪು. ನನ್ನ ಅಕ್ಕನ ಕೈ ಸುಟ್ಟಿದ್ದೀರ, ನಾನು ನಿಮ್ಮ ಹೆಸರು ಸುಡ್ತೀನಿ. ಮಾಡಿದ್ದುಣ್ಣೋ ಮಹರಾಯ."

ತಲೆ ಬಗ್ಗಿಸಿ ಕೂತಿದ್ದ ಪ್ರೊಫೆಸರ್ ಹೆಗಲು ಅಲುಗಾಡ್ತು. ಅಳ್ತಿದ್ದಾರೆ ಅಂದ್ಕೊಂಡ್ಲು ಚೂಟಿ.

ಅವರು ನಗ್ತಿದ್ರು.

"ಪೂರ್ತಿ ಫೋಟೋನಾ? ಹಾಕಮ್ಮ, ಹಾಕು. ಪೂರ್ತಿ ಹಾಕು." ಕಣ್ಣು ಒರೆಸ್ಕೊಂಡು ಮುಂದಕ್ಕೆ ಬಾಗಿದ್ರು. "ಎಡಗಡೆ ಎಳೆದಿದ್ದೀಯ. ಬಲಗಡೆ ಎಳೆದು ನೋಡಿದ್ಯಾ?"

ಚೂಟಿ ಫೋಟೋದ ಬಲ ಅಂಚಿನ ಕಡೆ ನೋಡಿದ್ಲು.

ಇಲ್ಲ. ಬೆಳಿಗ್ಗೆ ಕ್ಲಿಪ್ಪಿನ ಗುರುತು ಕಂಡಿದ್ದೇ ತಡ, ಕುಣಿಯೋಕೆ ಶುರು ಮಾಡಿದ್ಲು. ಆ ಕಡೆ ಕೈ ಹಾಕಿರ್ಲೇ ಇಲ್ಲ.

"ಚೂಟಿ," ಚಿಕ್ಕಪ್ಪನ ದನಿಯಲ್ಲಿ ಈಗ ತಮಾಷೆ ಇರ್ಲಿಲ್ಲ. "ಅರ್ಧ ನೋಡಿ ಕುಣೀಬೇಡ ಅಂತ ಎಷ್ಟು ಸಲ ಹೇಳಿದ್ದೀನಿ ನಿಂಗೆ? ಎಳಿ."

ಬಲ ಅಂಚು ಹಿಡಿದು ಎಳೆದ್ಲು.

ಮೊದಲು ಒಂದು ಸ್ಟೀಲ್ ಸ್ಕೇಲ್. ತುಂಡಿನ ಅಳತೆ ತೋರ್ಸೋಕೆ ಪಕ್ಕದಲ್ಲಿ ಹಿಡಿದಿದ್ದು. ಆಮೇಲೆ ಸ್ಕೇಲ್ ಹಿಡಿದ ಬೆರಳುಗಳು. ಗಂಡಸಿನ ಬೆರಳು. ತೋರುಬೆರಳು, ನಡುಬೆರಳು, ಉಂಗುರ ಬೆರಳು.

ಆಮೇಲೆ ಕಿರುಬೆರಳು.

ಕೊಕ್ಕೆ ಥರ ಬಾಗಿದ್ದು.

ಚೂಟಿ ಕಣ್ಣು ಮಿಟುಕಿಸಿದ್ಲು. ಮತ್ತೆ ನೋಡಿದ್ಲು. ಆ ಬೆರಳು ಎಷ್ಟು ಸಲ ಅವಳ ಜಡೆ ಎಳೆದಿಲ್ಲ, ಎಷ್ಟು ಸಲ ಅವಳ ತಟ್ಟೆಯಿಂದ ಕದ್ದು ತಿಂದಿಲ್ಲ.

"ಭಾವ... ಭಾವ ಬೇರೆ ಊರಲ್ಲಿದ್ದ ಅವತ್ತು. ಇದು... ಬೇರೆ ದಿನದ್ದಿರುತ್ತೆ ಚಿಕ್ಕಪ್ಪ."

"ಬಿರುಕು ಮೊದಲ ಸಲ ಮುಚ್ಕೊಂಡಿದ್ದು ಯಾವತ್ತು ಪುಟ್ಟಿ?"

ಉತ್ತರ ಅವಳಿಗೆ ಗೊತ್ತಿತ್ತು. ಅವತ್ತು ಬೆಳಿಗ್ಗೆ ಅಕ್ಕ ಫೋನ್ ಮಾಡಿ ಕಿರುಚಿದ್ಲು, ಮುಚ್ಕೊಂತು ಕಣೇ, ಇವತ್ತು ಮುಚ್ಕೊಂತು ಅಂತ. ಮಧ್ಯಾಹ್ನದ ಹೊತ್ತಿಗೆ ಲ್ಯಾಬೇ ಇರ್ಲಿಲ್ಲ. ಮುಚ್ಚಿದ ಬಿರುಕಿನ ಫೋಟೋ ಅಂತ ಒಂದಿದ್ರೆ, ಅದು ಆ ಬೆಳಿಗ್ಗೇದೇ ಆಗಿರಬೇಕು.

"ಬೇಲಿನೇ ಎದ್ದು ಹೊಲ ಮೇಯ್ದಿದೆ ನಿಮ್ಮನೇಲಿ," ಪ್ರೊಫೆಸರ್ ತಾವೇ ಎದ್ದು ಹೋಗಿ ನೀರು ಕುಡಿದ್ರು. "ನಾನು ಕಳ್ಳ, ಒಪ್ಕೊಂಡೆ. ಆದ್ರೆ ಬೆಂಕಿ ಇಟ್ಟೋನು ನಾನಲ್ಲ. ಬೆಂಕಿ ಆದ ಮಾರನೇ ದಿನ ಅವಳ ಕೆಲಸ, ಫೋಟೋ ಎಲ್ಲಾ ಇದ್ದ ಪೆನ್‌ಡ್ರೈವನ್ನ ನನ್ನ ಮೇಜಿನ ಮೇಲೆ ಇಟ್ಟಿದ್ದು ಆ ಬೆರಳೇ. ನಿಂಗೇನಪ್ಪ ಬೇಕು ಇದಕ್ಕೆ ಅಂತ ಕೇಳ್ದೆ. ಏನಂದ ಗೊತ್ತಾ?"

ಚೂಟಿ ಬೇಡ ಅನ್ನೋ ಹಾಗೆ ತಲೆ ಅಲ್ಲಾಡಿಸಿದ್ಲು.

"'ನನಗೇನೂ ಬೇಡ ಸರ್. ನನ್ನ ಹೆಂಡತಿ ಇನ್ಮೇಲೆ ಯಾವ ಲ್ಯಾಬಿಗೂ ಕಾಲಿಡಬಾರದು. ಮನೇಲಿರ್ಲಿ. ಅಷ್ಟೇ ಸಾಕು' ಅಂದ."

ತುತ್ತು ಇಡೋನೂ ಅವನೇ. ತಲೆ ಬಾಚೋನೂ ಅವನೇ.

ಪೂರ್ತಿ ಫೋಟೋ ಸಿಕ್ತಾ ಅಂತ ಕೇಳಿದ್ದೂ ಅವನೇ.

ಚೂಟಿ ಫೋನಿಗೆ ಕೈ ಚಾಚಿದ್ಲು. ಮೊದಲ ಸಲ ಸೇಡು ಅನ್ನೋದು ಅವಳ ಬಾಯಲ್ಲಿ ಸಿಹಿ ಅನ್ಸಲಿಲ್ಲ, ತುಕ್ಕು ಹಿಡಿದ ಮೊಳೆ ಕಚ್ಚಿದ ಹಾಗಾಯ್ತು. ಅಕ್ಕನ್ನ ಅವನ ಜೊತೆ ಹೊರಡಿಸಿದ್ದು ತಾನೇ. ತನ್ನ ಕೈಯಾರೆ.

"ತಡಿ," ಚಿಕ್ಕಪ್ಪ ಪರದೆ ಹತ್ರ ಮೂಗು ತಂದಿದ್ರು. "ಒಂದು ಮಾತು ಹೇಳು. ಈ ಕೈ ಸ್ಕೇಲ್ ಹಿಡಿದಿದೆ. ಇನ್ನೊಂದು ಕೈ ಇಲ್ಲಿ, ಕೆಳಗೆ, ತುಂಡನ್ನ ಒತ್ತಿ ಹಿಡಿದಿದೆ. ಎರಡೂ ಅವನದ್ದೇ ಕೈ. ಹಾಗಾದ್ರೆ..."

"ಹಾಗಾದ್ರೆ?"

"ಕ್ಯಾಮೆರಾ ಹಿಡಿದಿದ್ದು ಯಾರು?"

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಒಂದು ಭಾರದ್ದು, ಒಂದು ಎಳ್ಕೊಂಡು ಬರೋದು. ಜೊತೆಗೆ ಹಾಡ್ತಾ ಇರೋ ಹಾಗೆ ಸಲೀಸಾದ ದನಿ. "ನಿಧಾನ, ನಿಧಾನ, ಇನ್ನೊಂದೇ ಮೆಟ್ಟಿಲು ರಾಣಿ. ಏನಮ್ಮ ನಮ್ಮನೆ ಪತ್ತೇದಾರಿ, ಕಳ್ಳ ಕೈಗೆ ಸಿಕ್ಕಿದ್ನಾ?"

"ಮುಖ ಬದಲಾಯಿಸಬೇಡ," ಚಿಕ್ಕಪ್ಪ ಉಸಿರಲ್ಲೇ ಹೇಳಿ ಮಾನಿಟರನ್ನ ಗೋಡೆ ಕಡೆ ತಿರುಗಿಸಿದ್ರು. "ನಗು. ಏನೂ ಕಂಡಿಲ್ಲ ನಿಂಗೆ."

ಬಾಗಿಲು ತೆರೀತು.

ಅಕ್ಕ ನಿಂತಿದ್ಲು. ತಲೆ ನೀಟಾಗಿ ಬಾಚಿತ್ತು. ಅವಳ ತೋಳಿನ ಸುತ್ತ ಭಾವನ ಎಡಗೈ. ಬಲಗೈಯ ಕೊಕ್ಕೆ ಬೆರಳಿಗೆ ನೇತಾಡ್ತಾ ಔಷಧಿ ಚೀಲ. ಭಾವ ಪ್ರೊಫೆಸರನ್ನ ನೋಡಿದ, ಗೋಡೆಗೆ ಮುಖ ಮಾಡಿದ ಮಾನಿಟರನ್ನ ನೋಡಿದ, ಚೂಟಿಯ ನಗು ನೋಡಿದ. ಅವನೂ ನಕ್ಕ. ಇಬ್ಬರ ನಗೂನೂ ಹಲ್ಲಿಂದ ಆಚೆ ಹೋಗ್ಲಿಲ್ಲ.

"ಏನು ಮರಿ, ಬಿಳಿಚ್ಕೊಂಡಿದ್ದೀಯ?"

"ಹ... ಹಸಿವು ಭಾವ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

ಅಕ್ಕ ಮಾತ್ರ ಯಾರನ್ನೂ ನೋಡ್ಲಿಲ್ಲ. ಮೇಜಿನ ಮೇಲಿದ್ದ ನೀಲಿ ಕ್ಲಿಪ್ಪನ್ನೇ ನೋಡ್ತಿದ್ಲು. ಸುಟ್ಟ ಕೈ ಎತ್ತಿ, ಎರಡು ಅಂಗೈ ಸೇರಿಸಿ, ಅದನ್ನ ಮೆಲ್ಲಗೆ ತನ್ನ ಕಡೆ ಎಳ್ಕೊಂಡ್ಲು.

ಆಮೇಲೆ ತುಟಿ ಅಲುಗಾಡ್ತು. ಬೆಂಕಿ ಬಿದ್ದ ದಿನದಿಂದ ಯಾರೂ ಕೇಳದ ದನಿ, ತುಕ್ಕು ಹಿಡಿದ ಬಾಗಿಲು ತೆರೆದ ಹಾಗೆ, ಹೊರಗೆ ಬಂತು.

"ಬಲಗಡೆನೂ ಎಳೆದ್ಯಾ, ಚೂಟಿ?"

ಕೊಕ್ಕೆ ಬೆರಳಿಂದ ಔಷಧಿ ಚೀಲ ಜಾರಿ ನೆಲಕ್ಕೆ ಬಿತ್ತು. ಭಾವ ಅದನ್ನ ಎತ್ಕೊಳ್ಳಲಿಲ್ಲ. ಕೈ ಹಿಂದೆ ಮಾಡಿ, ಬಾಗಿಲಿನ ಚಿಲಕ ಹಾಕಿದ.

ಅಕ್ಕ ಅವನ ಕಡೆ ತಿರುಗಿ, ಇಷ್ಟು ದಿನ ಅವನು ತುತ್ತು ಇಡುವಾಗ ನೋಡ್ತಿದ್ದ ಅದೇ ಶಾಂತ ಕಣ್ಣಲ್ಲಿ ನೋಡಿದ್ಲು.

"ಅವತ್ತು ನಾನು ತೆಗೆದಿದ್ದು ಒಂದೇ ಫೋಟೋ ಅಲ್ಲ ಕಣ್ರೀ."